ಭಾಷೆ ಒಂದೇ, ಪ್ಲಗ್ಗೇ ಬೇರೆ: ಇಂಗ್ಲೆಂಡಿನಲ್ಲಿ ಅಮೆರಿಕನ್ನರ ದಿನಚರಿ

ಅಮೆರಿಕದ ಓಹಾಯೋ ರಾಜ್ಯದಿಂದ ಒಬ್ಬಳು ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದಿದ್ದಾಳೆ ಅಂತ ಇಟ್ಟುಕೊಳ್ಳೋಣ. ಬಾಡಿಗೆ ಮನೆ ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್‌ನಲ್ಲಿ. ಮೊದಲ ದಿನ ಬೆಳಗ್ಗೆ ತಲೆಗೆ ಸ್ನಾನ ಮಾಡಿ ಬರುತ್ತಾಳೆ. ಊರಿಂದ ತಂದ ಹೇರ್ ಡ್ರೈಯರ್‌ಗೆ ವಿಮಾನ ನಿಲ್ದಾಣದಲ್ಲಿ ಕೊಂಡ ಅಡಾಪ್ಟರ್ ಸಿಕ್ಕಿಸಿ ಸ್ವಿಚ್ ಒತ್ತುತ್ತಾಳೆ. ಡ್ರೈಯರ್ ಹುಚ್ಚು ಹಿಡಿದ ಹಾಗೆ ಕಿರುಚಿ, ಸುಟ್ಟ ವಾಸನೆ ಬಿಟ್ಟು ತಣ್ಣಗಾಗುತ್ತದೆ. ಅವತ್ತು ಒದ್ದೆ ತಲೆಯಲ್ಲೇ ಆಫೀಸು.

ಅದೇ ವಾರ ಮೈಸೂರಿನಿಂದ ಬಂದಿಳಿದವರು ಪಕ್ಕದ ಮನೆಯಲ್ಲಿ ಮಿಕ್ಸಿ ಹಾಕಿ ಚಟ್ನಿ ರುಬ್ಬುತ್ತಿದ್ದಾರೆ ಅನ್ನಿ. ಅಡಾಪ್ಟರ್ ಅವರಿಗೂ ಬೇಕಾಯಿತು. ಮಿಕ್ಸಿಗೆ ಮಾತ್ರ ಏನೂ ಆಗಲಿಲ್ಲ.

ಇಂಗ್ಲಿಷ್ ಮಾತಾಡುವ ಅಮೆರಿಕನ್ನರಿಗೆ ಇಂಗ್ಲೆಂಡ್ ಅಂದರೆ ಪಕ್ಕದ ಬೀದಿ ಇದ್ದ ಹಾಗೆ ಅಂತ ನಾವು ಅಂದುಕೊಂಡಿರುತ್ತೇವೆ. ಅವರೂ ಹಾಗೇ ಅಂದುಕೊಂಡು ಬರುತ್ತಾರೆ. ಬಂದ ಮೇಲೆ ಗೋಡೆಯೊಳಗಿನ ವೈರು, ನಲ್ಲಿ ಹಿಂದಿನ ಪೈಪು, ಬ್ಯಾಂಕ್ ಅರ್ಜಿ ಹಿಂದಿನ ಕಾನೂನು ಒಂದೊಂದಾಗಿ ಕಾಲಿಗೆ ತೊಡರುತ್ತವೆ. ಈ ವಿಷಯ ಈಗ ಯಾಕೆ ಅಂದರೆ, ಅಲ್ಲಿಗೆ ಹೋಗಿ ನೆಲೆಸುವ ಅಮೆರಿಕನ್ನರು ಜಾಸ್ತಿಯಾಗುತ್ತಿದ್ದಾರೆ. 2024ರಲ್ಲಿ 6,100ಕ್ಕೂ ಹೆಚ್ಚು ಅಮೆರಿಕನ್ನರು ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕಿದರು. 2004ರಲ್ಲಿ ಈ ಲೆಕ್ಕ ಇಡಲು ಶುರು ಮಾಡಿದ ಮೇಲೆ ಒಂದು ವರ್ಷದಲ್ಲಿ ಅಷ್ಟು ಅರ್ಜಿ ಬಂದಿದ್ದು ಅದೇ ಮೊದಲು. ಇನ್ನೊಂದು ಕಾರಣವೂ ಇದೆ. ಅಮೆರಿಕದ ಪಾಸ್‌ಪೋರ್ಟ್ ಈಗ ಎಷ್ಟೋ ಕನ್ನಡದ ಮನೆಗಳ ಬೀರುವಿನಲ್ಲೂ ಇದೆ. ಹಾಗಾಗಿ ಈ ಕಥೆಯ ತೆರಿಗೆ ಭಾಗ ನಮ್ಮವರಿಗೂ ತಾಗುತ್ತದೆ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಗೋಡೆಯೊಳಗಿನ ಕಥೆ

ವೋಲ್ಟೇಜ್ ಅಂದರೆ ಕರೆಂಟನ್ನು ತಳ್ಳುವ ಒತ್ತಡ. ಮನೆ ಮೇಲಿನ ಟ್ಯಾಂಕ್ ಎತ್ತರದಲ್ಲಿದ್ದಷ್ಟೂ ನಲ್ಲಿಯಲ್ಲಿ ನೀರು ಜೋರು ಅಲ್ವಾ, ಹಾಗೆ. ಅಮೆರಿಕದ ಮನೆಗಳಲ್ಲಿ ಈ ಒತ್ತಡ 120 ವೋಲ್ಟ್. ಇಂಗ್ಲೆಂಡಿನಲ್ಲಿ 230. ಭಾರತದಲ್ಲೂ 230. ಮಿಕ್ಸಿ ಬದುಕಿದ್ದು ಅದಕ್ಕೇ.

ಅಡಾಪ್ಟರ್ ಪಿನ್ನಿನ ಆಕಾರ ಬದಲಾಯಿಸುತ್ತದೆ ಅಷ್ಟೆ. ಒತ್ತಡ ತಗ್ಗಿಸುವುದಿಲ್ಲ. ಒತ್ತಡ ಹೆಚ್ಚುಕಡಿಮೆ ಎರಡರಷ್ಟಾದಾಗ ಡ್ರೈಯರಿನ ಕಾಯಿಲ್‌ನಲ್ಲಿ ಹರಿಯುವ ಕರೆಂಟೂ ಎರಡರಷ್ಟಾಗುತ್ತದೆ. ಎರಡೂ ಸೇರಿದರೆ ಬಿಸಿ ಮೂರೂವರೆ ಪಟ್ಟಿಗೂ ಮೇಲೆ. ತಂತಿ ಕರಗದೆ ಇನ್ನೇನಾಗುತ್ತದೆ? ಫೋನು, ಲ್ಯಾಪ್‌ಟಾಪ್ ಚಾರ್ಜರ್‌ಗಳಿಗೆ ಈ ಭಯ ಇಲ್ಲ. ಅವುಗಳ ಬೆನ್ನ ಮೇಲೆ 100–240 ವೋಲ್ಟ್ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಕಾಯಿಸುವ, ತಿರುಗಿಸುವ ಸಾಮಾನುಗಳೇ ಸಾಯುವುದು.

ಈ ಹೆಚ್ಚಿನ ಒತ್ತಡದಿಂದ ಒಂದು ಲಾಭವೂ ಇದೆ. ಇಂಗ್ಲೆಂಡಿನಲ್ಲಿ ಕೆಟಲ್ ಇಲ್ಲದ ಅಡುಗೆಮನೆ ಸಿಗುವುದು ಕಷ್ಟ. ಅಲ್ಲಿನ ಕೆಟಲ್ 3,000 ವಾಟ್ ತನಕ ಎಳೆಯುತ್ತದೆ. ಒಂದು ಲೀಟರ್ ನೀರು ಎರಡು ನಿಮಿಷದ ಆಸುಪಾಸಿನಲ್ಲಿ ಕುದಿಯುತ್ತದೆ. ಅಮೆರಿಕದ ಕೆಟಲ್ ಸಾಮಾನ್ಯವಾಗಿ 1,500 ವಾಟ್. ಅಷ್ಟೇ ನೀರಿಗೆ ಹತ್ತಿರ ಹತ್ತಿರ ನಾಲ್ಕು ನಿಮಿಷ ಬೇಕು. ಬ್ರಿಟಿಷರು ದಿನಕ್ಕೆ ಹತ್ತು ಸಲ ಕೆಟಲ್ ಹಾಕುವುದನ್ನು ನೋಡಿ ಅಮೆರಿಕನ್ನರು ನಗುತ್ತಾರೆ. ಎರಡು ನಿಮಿಷಕ್ಕೆ ಚಹಾ ಸಿಗುವುದಾದರೆ ಯಾರು ಬಿಡುತ್ತಾರೆ ಹೇಳಿ.

ಅಲ್ಲಿನ ಪ್ಲಗ್ ಅಂತೂ ಒಂದು ಗುಂಡುಕಲ್ಲು. ಮೂರು ಚೌಕ ಪಿನ್ನು, ಒಳಗೆ ಅದರದ್ದೇ ಫ್ಯೂಸು. ಇದಕ್ಕೊಂದು ಇತಿಹಾಸ ಇದೆ. ಎರಡನೇ ಮಹಾಯುದ್ಧದ ಹೊತ್ತಿಗೆ ತಾಮ್ರದ ಅಭಾವ. ಒಂದೊಂದು ಸಾಕೆಟ್ಟಿಗೂ ಬೇರೆ ವೈರು ಎಳೆಯುವ ಬದಲು ಇಡೀ ಮಹಡಿಗೆ ಉಂಗುರದ ಹಾಗೆ ಒಂದೇ ವೈರು ಸುತ್ತಿಸುವ ಪದ್ಧತಿ ಬಂತು. ಉಂಗುರಕ್ಕೆಲ್ಲ ಸೇರಿ ಹಾಕಿದ ದೊಡ್ಡ ಫ್ಯೂಸು ಒಂದು ಟೇಬಲ್ ಲ್ಯಾಂಪಿನ ತೆಳು ವೈರನ್ನು ಕಾಯಲಾರದು. ಹಾಗಾಗಿ ಪ್ರತಿ ಪ್ಲಗ್ಗಿನೊಳಗೇ ಒಂದು ಸಣ್ಣ ಫ್ಯೂಸು ಇಟ್ಟರು. 1947ರಿಂದ ಇದೇ ಪ್ಲಗ್. ಬರಿಗಾಲಲ್ಲಿ ತುಳಿದರೆ ಮಾತ್ರ ದೇವರೇ ಗತಿ. ಪಿನ್ನು ಮೇಲೆ ಮಾಡಿಕೊಂಡೇ ಬಿದ್ದಿರುತ್ತದೆ.

ಬಾತ್‌ರೂಮಿನಲ್ಲಿ ಮಾಮೂಲಿ ಸಾಕೆಟ್ಟೇ ಇರುವುದಿಲ್ಲ. ಒದ್ದೆ ಕೈ, 230 ವೋಲ್ಟ್ ಎರಡೂ ಒಟ್ಟಿಗೆ ಬೇಡ ಅಂತ. ಸ್ನಾನದ ಜಾಗದಿಂದ ಸಾಕೆಟ್ ಇಂತಿಷ್ಟು ದೂರ ಇರಬೇಕು ಅಂತ ನಿಯಮವಿದೆ, ಅಲ್ಲಿನ ಬಾತ್‌ರೂಮುಗಳು ಅಷ್ಟು ದೊಡ್ಡವಲ್ಲ. ದೀಪ ಹಾಕಲು ಸೂರಿನಿಂದ ಒಂದು ದಾರ ಇಳಿಬಿಟ್ಟಿರುತ್ತಾರೆ. ಇದರ ಬಾಲ ಹಿಡಿದೇ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ: ಬಟ್ಟೆ ಒಗೆಯುವ ಮಷೀನು ಅಡುಗೆಮನೆಯಲ್ಲಿ ಯಾಕಿದೆ? ಸಾಕೆಟ್ಟು, ನೀರು, ಡ್ರೇನೇಜು ಮೂರೂ ಒಟ್ಟಿಗೆ ಸಿಗುವುದು ಅಲ್ಲೇ.

ಇನ್ನು ನಲ್ಲಿ. ಹಳೆಯ ಮನೆಗಳಲ್ಲಿ ಬೇಸಿನ್ನಿಗೆ ಎರಡು ನಲ್ಲಿ. ಒಂದರಲ್ಲಿ ಕೈ ಸುಡುವ ನೀರು, ಇನ್ನೊಂದರಲ್ಲಿ ಮಂಜುಗಡ್ಡೆಯಂಥ ನೀರು. ಮಧ್ಯದ್ದು ಬೇಕಾದರೆ ಎರಡರ ಕೆಳಗೂ ಕೈ ಓಡಿಸಬೇಕು. ಅಮೆರಿಕನ್ನರಿಗೆ ಇದು ಶುದ್ಧ ಹುಚ್ಚಾಟ. ಬೆಂಗಳೂರಿನವರಿಗೆ ವಿವರಿಸುವುದು ಸುಲಭ. ನಮ್ಮಲ್ಲಿ ಕಾವೇರಿ ನಲ್ಲಿ ಬೇರೆ, ಟ್ಯಾಂಕಿನ ನಲ್ಲಿ ಬೇರೆ ಅಲ್ವಾ? ಕುಡಿಯಲು ಒಂದು, ತೊಳೆಯಲು ಒಂದು. ಅಲ್ಲೂ ಅಷ್ಟೆ. ತಣ್ಣೀರು ನೇರವಾಗಿ ಬೀದಿಯ ಪೈಪಿನಿಂದ ಬರುತ್ತದೆ, ಕುಡಿಯಬಹುದು. ಬಿಸಿನೀರು ಅಟ್ಟದ ಮೇಲಿನ ಟ್ಯಾಂಕಿನಿಂದ ಇಳಿದು ಬರುತ್ತಿತ್ತು. ಆ ಟ್ಯಾಂಕಿಗೆ ಹಕ್ಕಿಯೋ ಇಲಿಯೋ ಬಿದ್ದಿರಬಹುದು. ಎರಡನ್ನೂ ಒಂದೇ ನಲ್ಲಿಯಲ್ಲಿ ಕೂಡಿಸಿದರೆ ಕೊಳೆ ನೀರು ಕುಡಿಯುವ ನೀರಿಗೆ ಸೇರುವ ಅಪಾಯ. ಅದಕ್ಕೇ ಬೇರೆ ಬೇರೆ. ಹೊಸ ಮನೆಗಳಲ್ಲಿ ಈ ಅಟ್ಟದ ಟ್ಯಾಂಕಿಲ್ಲ, ನಲ್ಲಿಯೂ ಒಂದೇ.

ಮನೆ, ವಿಳಾಸ, ಬ್ಯಾಂಕು

ಬ್ಯಾಂಕ್ ಖಾತೆ ತೆರೆಯಲು ವಿಳಾಸದ ದಾಖಲೆ ಕೇಳುತ್ತಾರೆ. ಬಾಡಿಗೆ ಮನೆ ಹಿಡಿಯಲು ಬ್ಯಾಂಕ್ ಖಾತೆ ಕೇಳುತ್ತಾರೆ. ಹುಚ್ಚು ಬಿಡದ ಹೊರತು ಮದುವೆ ಆಗದು, ಮದುವೆ ಆಗದ ಹೊರತು ಹುಚ್ಚು ಬಿಡದು ಅನ್ನುವ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಅಮೆರಿಕದಲ್ಲಿ ಹದಿನೈದು ವರ್ಷ ಕಷ್ಟಪಟ್ಟು ಕಟ್ಟಿದ ಕ್ರೆಡಿಟ್ ಸ್ಕೋರ್ ಅಟ್ಲಾಂಟಿಕ್ ದಾಟುವುದಿಲ್ಲ. ನಮ್ಮ ಸಿಬಿಲ್ ಸ್ಕೋರ್ ದೇಶ ಬಿಟ್ಟರೆ ಹೇಗೆ ಲೆಕ್ಕಕ್ಕಿಲ್ಲವೋ ಹಾಗೆ. ಸಂಬಳ ಎಷ್ಟೇ ಇದ್ದರೂ ಮೊದಲ ದಿನ ಸೊನ್ನೆಯಿಂದ ಶುರು.

ಅಡ್ವಾನ್ಸ್ ವಿಷಯದಲ್ಲಿ ಮಾತ್ರ ನೆಮ್ಮದಿ. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಮನೆ ಮಾಲೀಕರು ಐದು ವಾರದ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ತೆಗೆದುಕೊಳ್ಳುವಂತಿಲ್ಲ ಅಂತ 2019ರ ಕಾನೂನು ಹೇಳುತ್ತದೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಿರುವ ಬೆಂಗಳೂರಿನವರು ಇದನ್ನು ಎರಡು ಸಲ ಓದಿಕೊಳ್ಳಬಹುದು.

ಆಮೇಲೆ ಬಾಗಿಲಿಗೆ ಬರುವುದು ಕೌನ್ಸಿಲ್ ಟ್ಯಾಕ್ಸ್ ಚೀಟಿ. ಕಸ, ಬೀದಿದೀಪ, ಗ್ರಂಥಾಲಯದಂಥ ಸ್ಥಳೀಯ ಕೆಲಸಗಳಿಗೆ ಕಟ್ಟುವ ಕಂದಾಯ ಇದು. ಅಮೆರಿಕದಲ್ಲಿ ಇಂಥದ್ದನ್ನು ಮನೆ ಮಾಲೀಕ ಕಟ್ಟುತ್ತಾನೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮನೆಯಲ್ಲಿ ವಾಸವಿರುವವರು, ಅಂದರೆ ಬಾಡಿಗೆದಾರರೇ ಕಟ್ಟಬೇಕು. ಒಬ್ಬರೇ ಇದ್ದರೆ ಶೇ. 25 ಕಡಿತ. ಮೊತ್ತ ನಿರ್ಧಾರವಾಗುವುದು ಆ ಮನೆ 1991ರ ಏಪ್ರಿಲ್ 1ರಂದು ಎಷ್ಟಕ್ಕೆ ಮಾರಾಟವಾಗುತ್ತಿತ್ತು ಅನ್ನುವುದರ ಮೇಲೆ. ಹೋದ ವರ್ಷ ಕಟ್ಟಿದ ಮನೆಗೂ 1991ರ ಬೆಲೆಯನ್ನು ಊಹಿಸುತ್ತಾರೆ! ಟಿವಿಯಲ್ಲಿ ನೇರಪ್ರಸಾರ ನೋಡಲು ಬೇರೆ ಲೈಸೆನ್ಸ್, 2025ರಲ್ಲಿ ವರ್ಷಕ್ಕೆ 174.50 ಪೌಂಡ್. ನಮ್ಮ ಅಜ್ಜಂದಿರು ರೇಡಿಯೋಗೆ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಕಟ್ಟುತ್ತಿದ್ದದ್ದು ಇದರ ಸಂಬಂಧಿಯೇ.

ಕಾಯಿಲೆ ಬಿದ್ದರೆ

ತಲೆನೋವು ಅಂತ ಓಹಾಯೋದವಳು ಅಂಗಡಿಗೆ ಹೋಗಿ ಟೈಲೆನಾಲ್ ಕೇಳುತ್ತಾಳೆ. ಅಂಗಡಿಯವರಿಗೆ ಗೊತ್ತಿಲ್ಲ. ಅಸೆಟಮಿನೋಫೆನ್ ಅನ್ನುತ್ತಾಳೆ. ಅದೂ ಗೊತ್ತಿಲ್ಲ. ಎರಡೂ ನಮ್ಮ ಡೋಲೋದ ಒಳಗಿರುವ ಪ್ಯಾರಾಸಿಟಮಾಲೇ. ಹೆಸರು ಗೊತ್ತಾದ ಮೇಲೆ ಕೈಗೆ ಸಿಗುವುದು 16 ಮಾತ್ರೆಯ ಪುಟ್ಟ ಪೊಟ್ಟಣ. ಅಮೆರಿಕದಲ್ಲಿ 500 ಮಾತ್ರೆಯ ಡಬ್ಬ ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಪ್ಯಾರಾಸಿಟಮಾಲ್ ಅತಿಯಾದರೆ ಲಿವರ್ ಕೆಡುತ್ತದೆ. ಆತ್ಮಹತ್ಯೆ ತಡೆಯುವ ಉದ್ದೇಶದಿಂದ 1998ರಲ್ಲಿ ಬ್ರಿಟನ್ ಪೊಟ್ಟಣದ ಗಾತ್ರ ಇಳಿಸಿತು.

ದೊಡ್ಡ ವ್ಯತ್ಯಾಸ ಇರುವುದು ದುಡ್ಡು ಯಾರು ಕೊಡುತ್ತಾರೆ ಅನ್ನುವುದರಲ್ಲಿ. ಅಮೆರಿಕದಲ್ಲಿ ದುಡಿಯುವ ವಯಸ್ಸಿನ ಹೆಚ್ಚಿನವರ ಆರೋಗ್ಯ ವಿಮೆ ಕೆಲಸಕ್ಕೆ ಕಟ್ಟಿಹಾಕಿಕೊಂಡಿರುತ್ತದೆ. ಕೆಲಸ ಹೋದರೆ ವಿಮೆಯೂ ಹೋಗಬಹುದು ಅನ್ನುವ ಭಯ. ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ಶುರುವಾದ ಎನ್‌ಎಚ್‌ಎಸ್ ಅನ್ನುವ ಸರ್ಕಾರಿ ಆರೋಗ್ಯ ಸೇವೆ ಮುಖ್ಯವಾಗಿ ತೆರಿಗೆ ಹಣದಿಂದ ನಡೆಯುತ್ತದೆ. ವೈದ್ಯರನ್ನು ನೋಡಲು, ಆಪರೇಷನ್‌ಗೆ, ಆಂಬುಲೆನ್ಸಿಗೆ ಬಿಲ್ ಇಲ್ಲ. ಔಷಧಿ ಚೀಟಿಗೆ ಇಂಗ್ಲೆಂಡಿನಲ್ಲಿ ಒಂದು ಔಷಧಿಗೆ 9.90 ಪೌಂಡ್. ಮಾತ್ರೆ ಎಷ್ಟೇ ದುಬಾರಿ ಇದ್ದರೂ ಅಷ್ಟೇ. ಹಲ್ಲು, ಕನ್ನಡಕದ ಲೆಕ್ಕ ಬೇರೆ.

ವೀಸಾದ ಮೇಲೆ ಬಂದವರಿಗೆ ಇದು ಪೂರ್ತಿ ಪುಕ್ಕಟೆಯಲ್ಲ. ವೀಸಾ ಅರ್ಜಿ ಹಾಕುವಾಗಲೇ ಆರೋಗ್ಯ ಸರ್‌ಚಾರ್ಜ್ ಅಂತ ವರ್ಷಕ್ಕೆ 1,035 ಪೌಂಡ್ ಮುಂಗಡ ಕಟ್ಟಿರುತ್ತಾರೆ. 2024ರ ಫೆಬ್ರವರಿಯಿಂದ ಇದೇ ದರ. ಐದು ವರ್ಷದ ವೀಸಾಗೆ ಒಬ್ಬರಿಗೇ 5,175 ಪೌಂಡ್. ಮೇಲಿಂದ ಸಂಬಳದಲ್ಲಿ ತೆರಿಗೆಯೂ ಹಿಡಿಯುತ್ತಾರೆ.

ನಡೆಯುವ ಕ್ರಮ ಹೀಗೆ. ಮನೆ ಹತ್ತಿರದ ಜಿಪಿ, ಅಂದರೆ ನಮ್ಮ ಕಡೆಯ ಫ್ಯಾಮಿಲಿ ಡಾಕ್ಟರ್ ಇದ್ದ ಹಾಗೆ, ಅವರ ಕ್ಲಿನಿಕ್ಕಿನಲ್ಲಿ ಹೆಸರು ಬರೆಸಬೇಕು. ಅವರು ಬರೆದುಕೊಟ್ಟರೆ ಮಾತ್ರ ದೊಡ್ಡಾಸ್ಪತ್ರೆಯ ತಜ್ಞರು. ನೇರವಾಗಿ ಚರ್ಮದ ಡಾಕ್ಟರ ಹತ್ತಿರ ಹೋಗಿ ರೂಢಿಯಿರುವ ಅಮೆರಿಕನ್ನರಿಗೂ, ನಮಗೂ ಇದು ಕಿರಿಕಿರಿ. ಜೀವಕ್ಕೆ ಅಪಾಯವಿಲ್ಲದ ತೊಂದರೆಗೆ ಕಾಯಬೇಕು, ಕೆಲವೊಮ್ಮೆ ತಿಂಗಳುಗಟ್ಟಲೆ. 2025ರಲ್ಲಿ ಇಂಗ್ಲೆಂಡಿನ ಕಾಯುವ ಪಟ್ಟಿಯಲ್ಲಿ 70 ಲಕ್ಷಕ್ಕೂ ಹೆಚ್ಚು ಚಿಕಿತ್ಸೆಗಳಿದ್ದವು. ಅಮೆರಿಕದವರು ಬಿಲ್ಲಿಗೆ ಹೆದರುತ್ತಾರೆ, ಇಂಗ್ಲೆಂಡಿನವರು ಸರದಿಗೆ. ತುರ್ತಿಗೆ ಕರೆ 911 ಅಲ್ಲ, 999. ತುರ್ತಲ್ಲದ ಸಲಹೆಗೆ 111.

ಮೊಟ್ಟೆ ಮತ್ತು ಬಿಲ್ಲು

ಅಂಗಡಿಯಲ್ಲಿ ಹಾಲಿನ ಫ್ರಿಜ್ಜನ್ನೆಲ್ಲ ಹುಡುಕಿದರೂ ಮೊಟ್ಟೆ ಸಿಗುವುದಿಲ್ಲ. ಹಿಟ್ಟು, ಸಕ್ಕರೆ ಇರುವ ಕಡೆ ಸುಮ್ನೆ ಹಲಗೆಯ ಮೇಲಿರುತ್ತದೆ, ನಮ್ಮ ಬೀದಿ ಕೊನೆಯ ಅಂಗಡಿಯ ಹಾಗೆ. ಅಮೆರಿಕದಲ್ಲಿ ಮೊಟ್ಟೆಯನ್ನು ತೊಳೆದು ಮಾರುತ್ತಾರೆ. ತೊಳೆದಾಗ ಚಿಪ್ಪಿನ ಮೇಲಿನ ತೆಳು ಪೊರೆ ಹೋಗುತ್ತದೆ. ಪೊರೆ ಹೋದರೆ ರೋಗಾಣು ಒಳಗೆ ನುಗ್ಗಬಹುದು, ಆದ್ದರಿಂದ ತಣ್ಣಗಿಡಲೇಬೇಕು. ಇಂಗ್ಲೆಂಡಿನಲ್ಲಿ ತೊಳೆಯುವುದಿಲ್ಲ. ಬದಲಿಗೆ ಕೋಳಿಗೇ ಲಸಿಕೆ ಹಾಕುತ್ತಾರೆ. ಮೊಟ್ಟೆ ಮೇಲೆ ಕೆಂಪು ಸಿಂಹದ ಮುದ್ರೆ ಇದ್ದರೆ ಆ ಕೋಳಿಗೆ ಸಾಲ್ಮೊನೆಲ್ಲಾ ವಿರುದ್ಧ ಲಸಿಕೆ ಹಾಕಿದ್ದಾರೆ ಅಂತ ಅರ್ಥ.

ಬೆಲೆ ಚೀಟಿಯಲ್ಲಿ 5 ಪೌಂಡ್ ಅಂತಿದ್ದರೆ ಕೊಡುವುದೂ 5 ಪೌಂಡೇ. ವ್ಯಾಟ್ ಅದರೊಳಗೇ ಸೇರಿರುತ್ತದೆ, ಹೆಚ್ಚಿನ ಸಾಮಾನಿಗೆ ಶೇ. 20. ಎಂಆರ್‌ಪಿ ನೋಡಿ ಬೆಳೆದ ನಮಗೆ ಇದರಲ್ಲೇನೂ ವಿಶೇಷ ಕಾಣಿಸದು. ಅಮೆರಿಕದಲ್ಲಿ ಸಾಮಾನ್ಯವಾಗಿ ಬಿಲ್ ಹಾಕುವಾಗ ತೆರಿಗೆ ಸೇರಿಸುತ್ತಾರೆ, ಅದೂ ಊರಿಂದೂರಿಗೆ ಬೇರೆ. ಟಿಪ್ಸ್ ಕೂಡ ಹಾಗೆ. ಪಬ್‌ನಲ್ಲಿ ಕೌಂಟರಿಗೆ ಹೋಗಿ ಕೇಳಿ, ದುಡ್ಡು ಕೊಟ್ಟು, ಗ್ಲಾಸು ಎತ್ತಿಕೊಂಡು ಬಂದರೆ ಮುಗಿಯಿತು. ಟಿಪ್ಸ್ ಯಾರೂ ನಿರೀಕ್ಷಿಸುವುದಿಲ್ಲ. ಟೇಬಲ್ಲಿನಲ್ಲಿ ಕೂತು ಯಾರಾದರೂ ಬರಲಿ ಅಂತ ಕಾಯುತ್ತಿದ್ದರೆ ಅವರು ಅಮೆರಿಕದಿಂದ ಬಂದು ಒಂದು ವಾರ ಆಗಿಲ್ಲ ಅಂತ ಲೆಕ್ಕ. ಆ ಗ್ಲಾಸನ್ನು ಅಳೆಯುವ ಪೈಂಟ್ ಅನ್ನುವ ಅಳತೆ ಕೂಡ ಬೇರೆಯೇ. ಬ್ರಿಟಿಷ್ ಪೈಂಟ್ 568 ಮಿಲಿ ಲೀಟರ್, ಅಮೆರಿಕದ್ದು 473.

ಒಂದೇ ಭಾಷೆ ಅಂದರೂ

ಕನ್ನಡಿಗರಿಗೆ ಇಲ್ಲಿ ಒಂದು ಮಜಾ ಇದೆ. ನಮ್ಮ ಶಾಲೆಯ ಇಂಗ್ಲಿಷ್ ಬ್ರಿಟನ್ನಿನಿಂದ ಬಂದದ್ದು. ಲಿಫ್ಟ್, ಫ್ಲ್ಯಾಟ್, ಪೆಟ್ರೋಲ್, ಟಾರ್ಚ್, ಲಾರಿ, ಬಿಸ್ಕತ್ತು ಎಲ್ಲ ನಮಗೆ ಮನೆಮಾತು. ಅಮೆರಿಕನ್ನರು ಎಲಿವೇಟರ್, ಅಪಾರ್ಟ್‌ಮೆಂಟ್, ಗ್ಯಾಸ್, ಫ್ಲ್ಯಾಶ್‌ಲೈಟ್, ಟ್ರಕ್, ಕುಕೀ ಅನ್ನುವವರು. ಫಸ್ಟ್ ಫ್ಲೋರ್ ಅಂದರೆ ನಮಗೂ ಬ್ರಿಟಿಷರಿಗೂ ಒಂದು ಮಹಡಿ ಹತ್ತಿದ ಮೇಲೆ. ಅಮೆರಿಕನ್ನರಿಗೆ ರಸ್ತೆ ಮಟ್ಟದ್ದೇ ಫಸ್ಟ್ ಫ್ಲೋರ್. 4/7 ಅಂದರೆ ನಮಗೂ ಬ್ರಿಟಿಷರಿಗೂ ಜುಲೈ 4, ಅಮೆರಿಕನ್ನರಿಗೆ ಏಪ್ರಿಲ್ 7. ಎಲ್ಲದರಲ್ಲೂ ನಾವು ಬ್ರಿಟಿಷರ ಪಕ್ಷ ಅಂತಲ್ಲ. ಚಿಪ್ಸ್ ಅಂದರೆ ನಮಗೂ ಅಮೆರಿಕನ್ನರಿಗೂ ಪೊಟ್ಟಣದ ಗರಿಗರಿ ಆಲೂಗೆಡ್ಡೆ. ಬ್ರಿಟಿಷರಿಗೆ ಅದು ಕ್ರಿಸ್ಪ್ಸ್. ಚಿಪ್ಸ್ ಅಂದರೆ ದಪ್ಪಗೆ ಹೆಚ್ಚಿ ಕರಿದು ಬಿಸಿಯಾಗಿ ಕೊಡುವುದು.

ಪ್ಯಾಂಟ್ ಅನ್ನುವ ಪದದ ಬಗ್ಗೆ ಅಮೆರಿಕನ್ನರಿಗೂ ನಮಗೂ ಒಟ್ಟಿಗೆ ಎಚ್ಚರಿಕೆ. ಇಂಗ್ಲೆಂಡಿನಲ್ಲಿ ಅದು ಒಳಚಡ್ಡಿ. ಮಳೆಯಲ್ಲಿ ನೆನೆದು ಬಂದು, ಪ್ಯಾಂಟೆಲ್ಲ ಒದ್ದೆ ಅಂತ ಆಫೀಸಿನಲ್ಲಿ ಹೇಳಿ ನೋಡಿ!

ಪದಗಳನ್ನಾದರೂ ಒಂದು ತಿಂಗಳಲ್ಲಿ ಕಲಿಯಬಹುದು. ಧಾಟಿ ಕಲಿಯುವುದಕ್ಕೆ ವರ್ಷ ಬೇಕು. ಎದುರಿಗೆ ಸಿಕ್ಕವರು 'ಯೂ ಆಲ್‌ರೈಟ್?' ಅನ್ನುತ್ತಾರೆ. ನನ್ನ ಮುಖ ಅಷ್ಟು ಬಾಡಿದೆಯಾ ಅಂತ ಅಮೆರಿಕದವಳಿಗೆ ಗಾಬರಿ. ನಮ್ಮಲ್ಲಿ ಊಟ ಆಯ್ತಾ ಅಂತ ಕೇಳುವುದಿಲ್ಲವೇ? ಊಟದ ಮೆನು ಯಾರಿಗೂ ಬೇಕಿಲ್ಲ, ಆಯ್ತು ಅಂದರೆ ಸಾಕು. ಇದೂ ಹಾಗೇ. ಆಫೀಸಿನಲ್ಲಿ ನಿಮ್ಮ ವರದಿ 'ಕ್ವೈಟ್ ಗುಡ್' ಅಂದರೆ ಅಮೆರಿಕದ ಕಿವಿಗೆ ತುಂಬಾ ಚೆನ್ನಾಗಿದೆ ಅಂತ ಕೇಳಿಸುತ್ತದೆ. ಬ್ರಿಟಿಷರ ಬಾಯಲ್ಲಿ ಅದು ಬಹಳ ಸಲ 'ಪರವಾಗಿಲ್ಲ' ಅಷ್ಟೆ. ಮೀಟಿಂಗಿನಲ್ಲಿ ಒಂದು ವಿಷಯವನ್ನು 'ಟೇಬಲ್' ಮಾಡೋಣ ಅಂದರೆ ಬ್ರಿಟಿಷರು ಈಗಲೇ ಚರ್ಚಿಸೋಣ ಅನ್ನುತ್ತಿದ್ದಾರೆ. ಅಮೆರಿಕನ್ನರು ಆಮೇಲೆ ನೋಡೋಣ ಅನ್ನುತ್ತಿದ್ದಾರೆ.

ಸ್ಟಿಯರಿಂಗ್ ಹಿಂದೆ

ಎಡಗಡೆ ಓಡಿಸುವುದು ಅಮೆರಿಕನ್ನರಿಗೆ ಹೊಸತು, ನಮಗಲ್ಲ. ಆದರೆ ಲೈಸೆನ್ಸ್ ವಿಷಯದಲ್ಲಿ ಇಬ್ಬರೂ ಒಂದೇ ದೋಣಿಯಲ್ಲಿ. ನೆಲೆಸಲು ಬಂದ ಮೇಲೆ 12 ತಿಂಗಳು ಊರಿನ ಲೈಸೆನ್ಸಿನಲ್ಲಿ ಓಡಿಸಬಹುದು. ಆಮೇಲೆ ಆಗದು. ಆಸ್ಟ್ರೇಲಿಯಾ, ಜಪಾನಿನಂಥ ಕೆಲವು ದೇಶದವರು ಲೈಸೆನ್ಸ್ ಕೊಟ್ಟು ಬದಲಿ ಪಡೆಯಬಹುದು. ಅಮೆರಿಕ, ಭಾರತ ಆ ಪಟ್ಟಿಯಲ್ಲಿಲ್ಲ. ಮೂವತ್ತು ವರ್ಷ ಕಾರು ಓಡಿಸಿದವರೂ ಕಲಿಯುವವರ ಹಾಗೆ ಪರೀಕ್ಷೆ ಬರೆಯಬೇಕು: 50 ಪ್ರಶ್ನೆ, 43 ಸರಿ ಇರಬೇಕು. ರಸ್ತೆಯ ವಿಡಿಯೋ ತೋರಿಸಿ ಅಪಾಯ ಗುರುತಿಸುವ ಪರೀಕ್ಷೆ ಬೇರೆ. ಆಮೇಲೆ ರಸ್ತೆ ಪರೀಕ್ಷೆ. ಆಟೋಮ್ಯಾಟಿಕ್ ಕಾರಿನಲ್ಲಿ ಪಾಸಾದರೆ ಗೇರಿನ ಕಾರು ಮುಟ್ಟುವಂತಿಲ್ಲ. ಅಮೆರಿಕದಲ್ಲಿ ಹೆಚ್ಚಿನವು ಆಟೋಮ್ಯಾಟಿಕ್, ಹಾಗಾಗಿ ಇದು ಅವರಿಗೆ ಜೋರಾಗೇ ತಟ್ಟುತ್ತದೆ.

ಅವರ ಬೆವರಿಳಿಸುವುದು ಸರ್ಕಲ್ಲುಗಳು. ನಿಯಮ ಒಂದೇ: ಬಲಗಡೆಯಿಂದ ಬರುವವರಿಗೆ ದಾರಿ ಬಿಡು. ರೆಡಿಂಗ್‌ನಿಂದ ಇನ್ನೂ ಪಶ್ಚಿಮಕ್ಕೆ ಹೋದರೆ ಸಿಗುವ ಸ್ವಿಂಡನ್‌ನಲ್ಲಿ ಒಂದು ದೊಡ್ಡ ಸರ್ಕಲ್ಲಿನ ಸುತ್ತ ಐದು ಪುಟ್ಟ ಸರ್ಕಲ್ಲುಗಳಿವೆ. 1972ರಲ್ಲಿ ಮಾಡಿದ್ದು. ಜನ ಅದಕ್ಕೆ ಮ್ಯಾಜಿಕ್ ರೌಂಡ್‌ಅಬೌಟ್ ಅಂತಲೇ ಕರೆಯುತ್ತಾರೆ. ಕೆಂಪು ದೀಪ ಇದ್ದಾಗಲೂ ನಿಂತು ನೋಡಿ ಬಲಕ್ಕೆ ತಿರುಗುವ ಸೌಲಭ್ಯ ಅಮೆರಿಕದ ಬಹುತೇಕ ಕಡೆ ಇದೆ. ಇಂಗ್ಲೆಂಡಿನಲ್ಲಿ ಕೆಂಪು ಅಂದರೆ ಕೆಂಪು. ಅಂದಹಾಗೆ ಪೆಟ್ರೋಲ್ ಕೊಳ್ಳುವುದು ಲೀಟರಿನಲ್ಲಿ, ದೂರ ಅಳೆಯುವುದು ಮೈಲಿಯಲ್ಲಿ. ಮೈಲೇಜ್ ಮಾತು ಬಂದರೆ ಗ್ಯಾಲನ್! ಯಾಕೆ ಅಂತ ಬ್ರಿಟಿಷರನ್ನೇ ಕೇಳಿದರೆ ಅವರೂ ನಗುತ್ತಾರೆ.

ನವೆಂಬರಿನ ಗುರುವಾರ

ಲಂಡನ್ 51.5 ಡಿಗ್ರಿ ಉತ್ತರದಲ್ಲಿದೆ, ನ್ಯೂಯಾರ್ಕಿಗಿಂತ ಬಹಳ ಮೇಲೆ. ಅದಕ್ಕೇ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಜೂನಿನಲ್ಲಿ ರಾತ್ರಿ ಒಂಬತ್ತಾದರೂ ಮುಳುಗುವುದಿಲ್ಲ.

ಕತ್ತಲು ಬೇಗ ಕವಿಯುವ ಆ ದಿನಗಳಲ್ಲೇ ಅಮೆರಿಕದ ದೊಡ್ಡ ಹಬ್ಬ ಥ್ಯಾಂಕ್ಸ್‌ಗಿವಿಂಗ್ ಬರುತ್ತದೆ, ನವೆಂಬರಿನ ನಾಲ್ಕನೇ ಗುರುವಾರ. ಇಂಗ್ಲೆಂಡಿನಲ್ಲಿ ಅದು ಮಾಮೂಲಿ ಗುರುವಾರ. ಅಲ್ಲಿ ಟರ್ಕಿ ಕೋಳಿ ತಿನ್ನುವುದು ಕ್ರಿಸ್‌ಮಸ್‌ಗೆ, ಹಾಗಾಗಿ ನವೆಂಬರಿನಲ್ಲಿ ಇಡೀ ಟರ್ಕಿ ಬೇಕಾದರೆ ಮೊದಲೇ ಹೇಳಿಡುವುದು ಒಳ್ಳೆಯದು. ಅಮೆರಿಕದ ಅಳತೆಯ ದೊಡ್ಡ ಹಕ್ಕಿ ಅಲ್ಲಿನ ಪುಟ್ಟ ಅವನ್ನಿಗೆ ಹಿಡಿಸದೆಯೂ ಹೋಗಬಹುದು. ಯುಗಾದಿಗೆ ಬೇವಿನ ಹೂ ಹುಡುಕಿ ಅಲೆದ ಹೊರದೇಶದ ಕನ್ನಡಿಗರಿಗೆ ಈ ಸಂಕಟ ಹೊಸದಲ್ಲ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಅವತ್ತು ಅಮೆರಿಕನ್ನರಿಗಾಗಿ ಪ್ರಾರ್ಥನೆ ನಡೆಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನಲ್ಲಿ ಬೀಡುಬಿಟ್ಟು ಮಡಿದ 28,000 ಅಮೆರಿಕನ್ನರ ನೆನಪಿನ ಚಾಪೆಲ್ ಕೂಡ ಅಲ್ಲೇ ಇದೆ.

ಅಮ್ಮನಿಗೆ ಫೋನ್ ಮಾಡುವುದಕ್ಕೂ ಲೆಕ್ಕ ಬೇಕು. ಓಹಾಯೋ ಗಡಿಯಾರ ಐದು ಗಂಟೆ ಹಿಂದೆ. ಆದರೆ ಎರಡೂ ದೇಶ ಗಡಿಯಾರ ಮುಂದೆ ಹಿಂದೆ ತಿರುಗಿಸುವ ದಿನ ಬೇರೆ ಬೇರೆ. ಅಮೆರಿಕದಲ್ಲಿ ಮಾರ್ಚಿನ ಎರಡನೇ ಭಾನುವಾರ, ಇಂಗ್ಲೆಂಡಿನಲ್ಲಿ ಮಾರ್ಚಿನ ಕೊನೆಯ ಭಾನುವಾರ. ಮಧ್ಯದ ಎರಡು ಮೂರು ವಾರ ಅಂತರ ನಾಲ್ಕೇ ಗಂಟೆ. ಅಕ್ಟೋಬರ್ ಕೊನೆಯಲ್ಲಿ ಇನ್ನೊಂದು ವಾರ ಹೀಗೇ.

ರಜೆ ಮಾತ್ರ ಕೈತುಂಬ. ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ 28 ದಿನ ಸಂಬಳದ ರಜೆ ಕಾನೂನಿನಲ್ಲೇ ಇದೆ. ಸರ್ಕಾರಿ ರಜೆಗಳನ್ನು ಇದರಲ್ಲೇ ಸೇರಿಸಬಹುದು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಸಂಬಳದ ರಜೆ ಇಷ್ಟು ದಿನ ಕೊಡಲೇಬೇಕು ಅಂತ ಇಲ್ಲ.

ಬೆನ್ನು ಬಿಡದ ತೆರಿಗೆ

ಭಾರತ, ಬ್ರಿಟನ್ ಸೇರಿ ಹೆಚ್ಚುಕಡಿಮೆ ಎಲ್ಲ ದೇಶಗಳ ನಿಯಮ ಸರಳ. ಎಲ್ಲಿ ವಾಸವೋ ಅಲ್ಲಿ ತೆರಿಗೆ. ಮೈಸೂರಿನಿಂದ ಹೋದವರು ಅನಿವಾಸಿಯಾದ ಮೇಲೆ ರೆಡಿಂಗ್‌ನ ಸಂಬಳಕ್ಕೆ ಭಾರತದಲ್ಲಿ ತೆರಿಗೆ ಕಟ್ಟಬೇಕಿಲ್ಲ. ಮೈಸೂರಿನ ಮನೆ ಬಾಡಿಗೆಗೆ ಮಾತ್ರ ಲೆಕ್ಕ ಕೊಡಬೇಕು.

ಅಮೆರಿಕ ಪೌರತ್ವ ನೋಡಿ ತೆರಿಗೆ ಕೇಳುತ್ತದೆ. ನೀವು ಭೂಮಿಯ ಯಾವ ಮೂಲೆಯಲ್ಲಿ ದುಡಿದರೂ ಅಮೆರಿಕದ ಪ್ರಜೆ ಅಂದರೆ ಲೆಕ್ಕ ಒಪ್ಪಿಸಬೇಕು. ಹೀಗೆ ಮಾಡುವ ಇನ್ನೊಂದು ದೇಶ ಆಫ್ರಿಕಾದ ಎರಿಟ್ರಿಯಾ ಮಾತ್ರ. ಊರು ಬಿಟ್ಟು ಇಪ್ಪತ್ತು ವರ್ಷವಾದರೂ ಊರಹಬ್ಬದ ವಂತಿಗೆ ಚೀಟಿ ಬರುತ್ತಲೇ ಇರುತ್ತದಲ್ಲ, ಹಾಗೆ. ವಂತಿಗೆ ಕೊಡದಿದ್ದರೆ ಯಾರಾದರೂ ಮುನಿಸಿಕೊಂಡಾರು. ಇಲ್ಲಿ ದಂಡ ಬೀಳುತ್ತದೆ.

ಹಾಗಾದರೆ ಎರಡು ಕಡೆ ತೆರಿಗೆಯಾ? ಹೆಚ್ಚಿನವರ ವಿಷಯದಲ್ಲಿ ಇಲ್ಲ. ತಪ್ಪಿಸಿಕೊಳ್ಳಲು ಎರಡು ದಾರಿಗಳಿವೆ. ಒಂದು, ಹೊರದೇಶದಲ್ಲಿ ದುಡಿದ ಸಂಬಳದಲ್ಲಿ ಒಂದು ಮಿತಿಯ ತನಕ ಲೆಕ್ಕದಿಂದ ಬಿಡಿಸಿಕೊಳ್ಳಬಹುದು. 2025ರ ಆದಾಯಕ್ಕೆ ಆ ಮಿತಿ 1,30,000 ಡಾಲರ್. ಇನ್ನೊಂದು, ಬ್ರಿಟನ್ನಿಗೆ ಕಟ್ಟಿದ ತೆರಿಗೆಯನ್ನು ಅಮೆರಿಕಕ್ಕೆ ಕೊಡಬೇಕಾದ ತೆರಿಗೆಯಲ್ಲಿ ಕಳೆಯಬಹುದು. ಬ್ರಿಟನ್ನಿನ ದರ ಸಾಮಾನ್ಯವಾಗಿ ಜಾಸ್ತಿ, ಹಾಗಾಗಿ ಬಹಳ ಜನರಿಗೆ ಕೊನೆಯ ಮೊತ್ತ ಸೊನ್ನೆ. ಆದರೆ ಆ ಸೊನ್ನೆ ತೋರಿಸುವುದಕ್ಕೂ ಫಾರಂ ತುಂಬಲೇಬೇಕು. ರೆಡಿಂಗ್‌ನ ಸಹೋದ್ಯೋಗಿಗೆ ತೆರಿಗೆ ಸಂಬಳದಲ್ಲೇ ಕಡಿತವಾಗುತ್ತದೆ, ರಿಟರ್ನ್ಸ್ ಅನ್ನುವ ಮಾತೇ ಬಹುಪಾಲು ಬ್ರಿಟಿಷರಿಗೆ ಇಲ್ಲ. ಓಹಾಯೋದವಳು ವರ್ಷವರ್ಷವೂ ಲೆಕ್ಕಿಗರಿಗೆ ದುಡ್ಡು ಕೊಟ್ಟು, ನಾನು ಏನೂ ಕೊಡಬೇಕಾಗಿಲ್ಲ ಅಂತ ಬರೆಸುತ್ತಾಳೆ. ಗಂಡ ಅಮೆರಿಕದವನಲ್ಲ, ಇಬ್ಬರ ಲೆಕ್ಕ ಬೇರೆ ಬೇರೆ ಅಂತಾದರೆ, ವರ್ಷಕ್ಕೆ 5 ಡಾಲರ್ ಆದಾಯ ಇದ್ದರೂ ಸಲ್ಲಿಸಬೇಕು. ಐದು ಡಾಲರ್! ಓದಿದ್ದು ತಪ್ಪಲ್ಲ.

ವರ್ಷವೂ ಎರಡು ಕಡೆ ಒಂದೇ ಅಲ್ಲ. ಅಮೆರಿಕದ ಲೆಕ್ಕ ಜನವರಿಯಿಂದ ಡಿಸೆಂಬರ್. ಬ್ರಿಟನ್ನಿನದು ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5. ಈ ವಿಚಿತ್ರ ದಿನಾಂಕ 1752ರಲ್ಲಿ ಬ್ರಿಟನ್ ಕ್ಯಾಲೆಂಡರ್ ಬದಲಿಸಿ 11 ದಿನ ಹಾರಿಸಿದ್ದರ ಪಳೆಯುಳಿಕೆ. ಹಳೆಯ ಲೆಕ್ಕದ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು, ಸರ್ಕಾರ ಆ ದಿನಗಳ ತೆರಿಗೆ ಬಿಟ್ಟುಕೊಡಲಿಲ್ಲ.

ಇನ್ನು ಬ್ಯಾಂಕು. ಅಮೆರಿಕದ ಹೊರಗಿನ ಖಾತೆಗಳಲ್ಲಿ ಒಟ್ಟು ಮೊತ್ತ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಎಲ್ಲ ಖಾತೆಗಳ ವಿವರವನ್ನು ಬೇರೆಯೇ ಇಲಾಖೆಗೆ ಕೊಡಬೇಕು. ಇದಕ್ಕೆ ಎಫ್‌ಬಾರ್ ಅನ್ನುತ್ತಾರೆ. ಇದು ತೆರಿಗೆಯಲ್ಲ, ಬರೀ ಮಾಹಿತಿ. ಕೊಡದಿದ್ದರೆ ದಂಡ ಸಾವಿರಾರು ಡಾಲರ್. 2010ರಲ್ಲಿ ಬಂದ ಫ್ಯಾಟ್ಕಾ ಕಾನೂನು ಇದೇ ಕೆಲಸವನ್ನು ಬ್ಯಾಂಕುಗಳ ತಲೆಗೂ ಕಟ್ಟಿತು. ನಿಮ್ಮಲ್ಲಿರುವ ಅಮೆರಿಕನ್ನರ ಹೆಸರು ಕೊಡಿ, ಇಲ್ಲದಿದ್ದರೆ ಅಮೆರಿಕದಿಂದ ನಿಮಗೆ ಬರುವ ಹಣದಲ್ಲಿ ಶೇ. 30 ಹಿಡಿಯುತ್ತೇವೆ ಅಂತ. ಇಷ್ಟು ತಲೆನೋವು ಯಾಕೆ ಅಂತ ಕೆಲವು ಬ್ಯಾಂಕು, ಹೂಡಿಕೆ ಕಂಪನಿಗಳು ಅಮೆರಿಕದ ಗಿರಾಕಿಗಳನ್ನೇ ಬೇಡ ಅನ್ನುತ್ತವೆ.

ಉಳಿತಾಯದಲ್ಲೂ ಅಷ್ಟೆ. ಬ್ರಿಟನ್ನಿನಲ್ಲಿ ಐಸಾ ಅನ್ನುವ ಖಾತೆಯಲ್ಲಿ ವರ್ಷಕ್ಕೆ 20,000 ಪೌಂಡ್ ತನಕ ಹಾಕಬಹುದು, ಲಾಭಕ್ಕೆ ತೆರಿಗೆ ಇಲ್ಲ. ಅಮೆರಿಕ ಆ ವಿನಾಯಿತಿಯನ್ನು ಒಪ್ಪುವುದಿಲ್ಲ. ಐಸಾದಲ್ಲಿ ಬ್ರಿಟಿಷ್ ಮ್ಯೂಚುವಲ್ ಫಂಡ್ ಇದ್ದರಂತೂ ಅಮೆರಿಕದ ಬಹಳ ಬಿಗಿಯಾದ ನಿಯಮವೊಂದಕ್ಕೆ ಸಿಕ್ಕಿಬೀಳುತ್ತಾರೆ. ಪಕ್ಕದ ಮೇಜಿನವರು ಕೊಟ್ಟ ಒಳ್ಳೆಯ ಸಲಹೆಯೇ ಇವಳಿಗೆ ಬಲೆ.

ಬ್ರಿಟನ್ನಿನ ಮಾಜಿ ಪ್ರಧಾನಿ ಬೋರಿಸ್ ಜಾನ್ಸನ್ ಅವರಿಗೂ ಇದು ತಟ್ಟಿದೆ. ಅವರು ಹುಟ್ಟಿದ್ದು 1964ರಲ್ಲಿ, ನ್ಯೂಯಾರ್ಕಿನಲ್ಲಿ. ಚಿಕ್ಕವರಿದ್ದಾಗಲೇ ಅಮೆರಿಕ ಬಿಟ್ಟಿದ್ದರು. ಲಂಡನ್ನಿನ ಮೇಯರ್ ಆಗಿದ್ದಾಗ, ಲಂಡನ್ನಿನಲ್ಲೇ ಇದ್ದ ಸ್ವಂತ ಮನೆ ಮಾರಿದ ಲಾಭಕ್ಕೆ ಅಮೆರಿಕ ತೆರಿಗೆ ಕೇಳಿತು. ಬ್ರಿಟನ್ನಿನಲ್ಲಿ ವಾಸದ ಮನೆ ಮಾರಿದ ಲಾಭಕ್ಕೆ ಸಾಮಾನ್ಯವಾಗಿ ತೆರಿಗೆಯೇ ಇಲ್ಲ. ಮೊದಲು ಕೊಡುವುದಿಲ್ಲ ಅಂದರು, ಆಮೇಲೆ ಕಟ್ಟಿದರು. 2016ರಲ್ಲಿ ಅಮೆರಿಕದ ಪೌರತ್ವವನ್ನೇ ಬಿಟ್ಟುಕೊಟ್ಟರು. ಹೀಗೆ ಅಮೆರಿಕದಲ್ಲಿ ಹುಟ್ಟಿ, ಅಲ್ಲಿ ಬಾಳದೆ, ಲೆಕ್ಕಕ್ಕೆ ಮಾತ್ರ ಸಿಕ್ಕಿಕೊಂಡವರಿಗೆ ಆಕಸ್ಮಿಕ ಅಮೆರಿಕನ್ನರು ಅಂತಲೇ ಹೆಸರು ಬಿದ್ದಿದೆ.

ಅಂಥವರು ನಮ್ಮ ಊರುಗಳಲ್ಲೂ ಇದ್ದಾರೆ. ಅಪ್ಪ ಅಮ್ಮ ಅಲ್ಲಿ ಕೆಲಸದಲ್ಲಿದ್ದಾಗ ಮಗು ಹುಟ್ಟಿತು. ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿಯಿಂದ ಪೌರತ್ವ ತಾನಾಗಿ ಬಂತು. ಮಗುವಿಗೆ ಮೂರು ವರ್ಷವಾಗುವಷ್ಟರಲ್ಲಿ ಸಂಸಾರ ಬೆಂಗಳೂರಿಗೆ ವಾಪಸ್. ಹುಡುಗಿ ಬಸವನಗುಡಿಯಲ್ಲಿ ಬೆಳೆದು, ಓದಿ, ಕೆಲಸಕ್ಕೆ ಸೇರಿದಳು. ಅವಳ ಸಂಬಳ, ಅಜ್ಜಿ ಅವಳ ಹೆಸರಲ್ಲಿಟ್ಟ ಡಿಪಾಸಿಟ್ಟು, ಮ್ಯೂಚುವಲ್ ಫಂಡ್ ಎಲ್ಲಕ್ಕೂ ರೆಡಿಂಗ್‌ನಲ್ಲಿರುವ ಓಹಾಯೋದವಳಿಗೆ ಅನ್ವಯಿಸುವ ನಿಯಮಗಳೇ ಅನ್ವಯಿಸುತ್ತವೆ. ಭಾರತವೂ 2015ರಲ್ಲಿ ಅಮೆರಿಕದ ಜೊತೆ ಫ್ಯಾಟ್ಕಾ ಒಪ್ಪಂದಕ್ಕೆ ಸಹಿ ಹಾಕಿದೆ. ಬ್ಯಾಂಕಿನಲ್ಲಿ ಸಂಬಳದ ಖಾತೆ ತೆರೆಯಲು ಹೋದಾಗ ಹುಟ್ಟಿದ ದೇಶ ಅನ್ನುವ ಕಡೆ ಅವಳು ಅಮೆರಿಕ ಅಂತ ಬರೆಯುತ್ತಾಳೆ. ಕೌಂಟರಿನ ಆಚೆಯಿಂದ ಇನ್ನೊಂದು ಫಾರಂ ಬರುತ್ತದೆ.